ಎಡಗೈ ಗಿಟಾರು ಹುಡುಕಿಕೊಂಡು ತುರ್ಭೆಗೆ

ಬೆಳಕು ಹರಿಯುವ ಹೊತ್ತಿಗೆ ಕಲ್ಯಾಣದಲ್ಲಿ ಇಳಿದೆ. ಹುಬ್ಬಳ್ಳಿಯಲ್ಲಿ ರೈಲು ಹತ್ತುವಾಗ ಸುಡು ಬಿಸಿಲಿತ್ತು. ಇಲ್ಲಿ ಸಣ್ಣಗೆ ಮಳೆ ಜಿನುಗುತ್ತಿತ್ತು. ಐದು ರೂಪಾಯಿಯ ಟಿಕೆಟ್ ತೆಗೆದುಕೊಂಡು ಲೋಕಲ್ ಹತ್ತಿದೆ. ಡೊಂಬಿವಲಿ ಎರಡನೆಯ ನಿಲ್ದಾಣವಷ್ಟೇ. ಆದರೂ ಆ ಹೊತ್ತಿನ ಕಿಕ್ಕಿರಿದ ಹೆಂಗಸರ ಡಬ್ಬಿಯಲ್ಲಿ ಗಿಟಾರಿನ ಚೀಲ ಅವಚಿಕೊಂಡು ನಿಂತವಳಿಗೆ ಅದೇ ಬಹಳ ದೂರ ಅನ್ನಿಸಿತು.

ನಾನು ಹುಬ್ಬಳ್ಳಿಯಲ್ಲಿ ಮಕ್ಕಳಿಗೆ ಗಿಟಾರು ಕಲಿಸುವವಳು. ಕಳೆದ ವರ್ಷ ಸ್ಕೂಟರಿನಿಂದ ಬಿದ್ದೆ. ಎಡಗೈಯ ಕೊನೆಯ ಎರಡು ಬೆರಳುಗಳು ಮಡಿಚಿದಂತೆಯೇ ನಿಂತುಬಿಟ್ಟವು. ನಾವು ತಂತಿ ಒತ್ತುವುದು ಎಡಗೈಯಿಂದಲೇ. ಮಕ್ಕಳಿಗೆ ಬಾಯಲ್ಲಿ ಹೇಳಿಕೊಡುತ್ತಿದ್ದೆ, ಬಾರಿಸಿ ತೋರಿಸಲು ಆಗುತ್ತಿರಲಿಲ್ಲ. ತಂತಿ ಒತ್ತುವ ಕತ್ತು ತೆಳ್ಳಗಿರುವ ಗಿಟಾರು ಮಾಡಿಸಿಕೊಂಡರೆ ಉಳಿದ ಎರಡು ಬೆರಳಲ್ಲೇ ನಿಭಾಯಿಸಬಹುದೆಂದು ನನಗೆ ನಾನೇ ಧೈರ್ಯ ಹೇಳಿಕೊಂಡಿದ್ದೆ. ಡೊಂಬಿವಲಿಯಲ್ಲಿ ಕೈಯಿಂದಲೇ ಗಿಟಾರು ಮಾಡುವ ಸುಧಾಕರ ಅವರಿಗೆ ಫೋನ್ ಮಾಡಿದಾಗ, "ಫೋಟೋದಲ್ಲಿ ಗೊತ್ತಾಗುದಿಲ್ಲ ಟೀಚರೇ, ಕೈ ನೋಡ್ಬೇಕು. ನಿಮ್ಮ ಗಿಟಾರೂ ತನ್ನಿ" ಎಂದಿದ್ದರು.

ಸ್ಟೇಷನ್ನಿನಿಂದ ರಿಕ್ಷಾದಲ್ಲಿ ಹೋದೆ. ಕಾರ್ಖಾನೆಗಳ ನಡುವಿನ ಒಂದು ಶೆಡ್ಡು ಅವರ ಕಾರ್ಯಾಗಾರ. ಹೊರಗೆ ರಾಸಾಯನಿಕದ ಘಾಟು, ಬಾಗಿಲು ದಾಟಿದರೆ ದೇವದಾರಿನ ಪರಿಮಳ. ಗಾಜಿನ ಒಳಕೋಣೆಯಲ್ಲಿ ಯಂತ್ರವೊಂದು ಗುಂಯ್‌ಗುಡುತ್ತ ಗಾಳಿಯ ತೇವವನ್ನು ಹೀರಿ ಬಕೆಟ್ಟಿಗೆ ಹನಿಸುತ್ತಿತ್ತು. "ಈ ಊರಿನ ಮಳೆಗಾಲದಲ್ಲಿ ಮರ ಹಪ್ಪಳದ ಹಾಗೆ ಮೆತ್ತಗಾಗ್ತದೆ. ಕರೆಂಟ್ ಹೋದ್ರೆ ನನಗೆ ನಿದ್ದೆ ಇಲ್ಲ" ಎಂದರು ಸುಧಾಕರ. ಉಡುಪಿ ಕಡೆಯವರು, ಐವತ್ತರ ಆಸುಪಾಸು. ಥಾಣೆಯಲ್ಲಿ ಮಾವನ ಹೋಟೆಲಿನ ಗಲ್ಲಾದಲ್ಲಿ ಕೂತಿದ್ದವರು ಅದನ್ನು ಬಿಟ್ಟು ಈ ಕೆಲಸ ಹಿಡಿದಿದ್ದರು. ವರ್ಷಕ್ಕೆ ನಾಲ್ಕೈದು ಗಿಟಾರು. ಶೆಡ್ಡಿನ ಬಾಡಿಗೆ ಹುಟ್ಟುವುದು ರಿಪೇರಿಯಿಂದ. ಈ ಸಲವಂತೂ ಮಳೆ ಶುರುವಾದ ಮೇಲೆ ಒಂದೂ ಆರ್ಡರ್ ಬಂದಿರಲಿಲ್ಲ. "ಗಲ್ಲಾದ ಕುರ್ಚಿ ಖಾಲಿ ಉಂಟು, ಬಾ ಅಂತ ಮಾವ ಮತ್ತೆ ಫೋನ್ ಮಾಡ್ತಿದ್ದಾರೆ" ಎಂದು ನಕ್ಕರು.

ನನ್ನ ಗಿಟಾರನ್ನು ನನ್ನ ಕೈಗೇ ಕೊಟ್ಟು ಬಾರಿಸಲು ಹೇಳಿದರು. ಎರಡು ಬೆರಳಲ್ಲಿ ಒದ್ದಾಡಿದೆ. ಮೂರನೆಯ ತಂತಿ ಒತ್ತಲು ಹೋದಾಗ ಮಡಿಚಿದ ಬೆರಳು ತಾಗಿ ಪಕ್ಕದ ತಂತಿಯ ನಾದ ಸತ್ತುಹೋಯಿತು. ಸುಧಾಕರ ಗಿಟಾರನ್ನು ನನ್ನ ಕೈಯಿಂದ ತೆಗೆದು ಮೇಜಿನ ಮೇಲಿಟ್ಟರು.

"ನಾನು ಇದನ್ನು ಮಾಡುದಿಲ್ಲ ಟೀಚರೇ."

"ಯಾಕ್ರೀ? ಇಷ್ಟು ದೂರ ಬಂದೀನಲ್ಲ!"

"ಕತ್ತು ಎಷ್ಟೇ ತೆಳ್ಳಗೆ ಕೆತ್ತಿದ್ರೂ ಆ ಬೆರಳು ಅಡ್ಡ ಬರ್ತದೆ. ದುಡ್ಡು ತಕೊಂಡು ನಿಮಗೆ ಮತ್ತೆ ಬೇಜಾರು ಕೊಡ್ಲಿಕ್ಕೆ ನನ್ನಿಂದ ಆಗುದಿಲ್ಲ."

ಕಣ್ಣು ತುಂಬಿ ಬಂತು. ಅವರು ನನ್ನ ಎಡಗೈಯನ್ನೇ ನೋಡುತ್ತ, "ಹೆಬ್ಬೆರಳು, ತೋರುಬೆರಳು, ನಡುಬೆರಳು ಸರಿ ಉಂಟಲ್ಲ? ಮೀಟ್ಲಿಕ್ಕೆ ಅಷ್ಟು ಸಾಕು. ಕೈ ಅದಲುಬದಲು ಮಾಡಿ. ಬಲಗೈಯಲ್ಲಿ ಒತ್ತಿ, ಎಡಗೈಯಲ್ಲಿ ಮೀಟಿ" ಎಂದರು.

"ಹಂಗಾದ್ರ ಇದೇ ಗಿಟಾರಿನ ತಂತಿ ತಿರುವಿ ಹಾಕ್ರಿ."

"ಹೊಟ್ಟೆಯೊಳಗಿನ ಮರದ ಪಟ್ಟಿಗಳನ್ನು ದಪ್ಪ ತಂತಿಯ ಬದಿ ನೋಡಿಯೇ ಕೂರಿಸಿದ್ದು. ತಂತಿ ತಿರುಗಿಸಿದ್ರೆ ಸ್ವರ ಕೆಡ್ತದೆ. ಪಲ್ಲವಿ ಅಂತ ಒಬ್ಬ ಎಡಗೈಯ ಹುಡುಗಿಗೆ ಒಂದು ಮಾಡಿಕೊಟ್ಟಿದ್ದೇನೆ, ಅದು ತುರ್ಭೆಯಲ್ಲಿ ಅವಳ ಮನೆಯಲ್ಲಿ ಉಂಟು. ಮೊದಲು ಹಿಡಿದು ನೋಡಿ. ಬನ್ನಿ, ನಾನೂ ಬರ್ತೇನೆ."

ಥಾಣೆಯಲ್ಲಿ ರೈಲು ಬದಲಿಸಬೇಕು. ಸೇತುವೆಯ ಕೆಳಗೆ ವಡಾಪಾವ್ ತಿಂದು ತುರ್ಭೆಯ ಮೇಲೆ ಹೋಗುವ ವಾಶಿಯ ಗಾಡಿ ಹತ್ತಿದೆವು. ಕೂರಲು ಜಾಗ ಸಿಕ್ಕಿತು. ಹೊರಗೆ ಹಸಿರೇರಿದ ಗುಡ್ಡ, ಅದರ ಬುಡದಲ್ಲಿ ಸಾಲುಸಾಲು ಕಾರ್ಖಾನೆ. ಈ ಬಲಗೈ ಇನ್ನು ಕಲಿತೀತೇ ಎಂದು ಅದನ್ನೇ ನೋಡುತ್ತ ಕೂತೆ. ಅವರಿಗೂ ಒಂದು ಚಿಂತೆಯಿತ್ತೆಂದು ಗೊತ್ತಾದದ್ದು ತುರ್ಭೆಯಲ್ಲಿ ಇಳಿದ ಮೇಲೆ. ಅದು ಆ ಗಿಟಾರಿನ ಮೊದಲ ಮಳೆಗಾಲ, ಇರುವುದು ತಗಡಿನ ಮನೆಯಲ್ಲಿ. "ಬಿರುಕು ಬಿಟ್ಟಿದ್ರೆ ಏನು ಮಾಡುದು ಅಂತ" ಎಂದು ಮೆಲ್ಲಗೆ ಹೇಳಿದರು.

ಬಾಗಿಲು ತೆರೆದದ್ದು ಪಲ್ಲವಿಯ ತಾಯಿ. ವಿಜಯಪುರ ಕಡೆಯಿಂದ ಬಂದ ಅವರು ಮಾರುಕಟ್ಟೆಯಲ್ಲಿ ಈರುಳ್ಳಿ ಆರಿಸುವ ಕೆಲಸ ಮಾಡುತ್ತಾರೆ. ಸುಧಾಕರ ನನ್ನ ಊರು ಹೇಳಿದ್ದೇ, "ಹುಬ್ಬಳ್ಳ್ಯಾವ್ರಾ? ಬರ್ರಿ, ಒಳಗ ಬರ್ರಿ, ರೊಟ್ಟಿ ಬಡಿಯಾಕ ಹತ್ತೀನಿ" ಎಂದರು. ಸಂಜೆ ಹೊತ್ತು ಹೋಟೆಲುಗಳಲ್ಲಿ ಹಾಡುವ ಪಲ್ಲವಿ ಇಲ್ಲೇ ಹುಟ್ಟಿದವಳು. ನನ್ನ ಕನ್ನಡಕ್ಕೆ ಹಿಂದಿಯಲ್ಲೇ ಉತ್ತರ ಕೊಟ್ಟಳು. ಕಪಾಟಿನ ಮೇಲಿನಿಂದ ಪೆಟ್ಟಿಗೆ ಇಳಿಸಿ, "ಅಂಕಲ್, ದೇಖೋ, ಕುಛ್ ನಹೀ ಹುವಾ" ಎಂದಳು. ಏನೂ ಆಗಿಲ್ಲವಂತೆ.

ಸುಧಾಕರ ಗಿಟಾರನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ಕತ್ತಿನ ಉದ್ದಕ್ಕೂ ನೋಡಿದರು. ಜೋಡಣೆಯ ಮೇಲೆ ಉಗುರು ಎಳೆದರು. ಮುಖದ ಹಲಗೆಗೆ ಬೆರಳಗೆಣ್ಣಿನಿಂದ ತಟ್ಟಿ ಕಿವಿಗೊಟ್ಟರು. ಆಮೇಲೆ ನೆಲದ ಮೇಲೆ ಕೂತೇಬಿಟ್ಟರು. "ಬದುಕಿದೆ ಮಾರಾಯ್ರೆ!"

ಅದು ನನ್ನ ತೊಡೆಗೆ ಬಂತು. ಎಲ್ಲ ತಿರುವುಮುರುವು. ಬಲಗೈಗೆ ಏನೂ ಗೊತ್ತಿಲ್ಲ, ಶಾಲೆಗೆ ಹೊಸದಾಗಿ ಸೇರಿದ ಮಗುವಿನಂತೆ ಒಂದೊಂದೇ ಬೆರಳನ್ನು ಹುಡುಕಿ ಇಡಬೇಕಾಯಿತು. ಪಲ್ಲವಿ ಎದುರು ಕೂತು ತಪ್ಪಿದಾಗಲೆಲ್ಲ ನನ್ನ ಬೆರಳನ್ನು ಸರಿಯಾದ ಜಾಗಕ್ಕೆ ಸರಿಸಿದಳು. ಕೊನೆಗೆ ಉಸಿರು ಬಿಗಿಹಿಡಿದು ಎಡಗೈಯಿಂದ ಮೀಟಿದೆ. ಮಡಿಚಿದ ಬೆರಳುಗಳು ಯಾವ ತಂತಿಗೂ ತಾಗಲಿಲ್ಲ. ಆರೂ ತಂತಿ ಒಟ್ಟಿಗೆ ನುಡಿದವು. ವರ್ಷದ ಮೇಲೆ ನನ್ನ ಕೈಯಿಂದ ಹೊರಟ ಮೊದಲ ಪೂರ್ತಿ ನಾದ ಅದು. ಇನ್ನೊಮ್ಮೆ ಮೀಟಿದೆ. ಮತ್ತೆ ಸರಿಯಾಗಿಯೇ ಬಂತು. ನಗು ಬಂತೋ ಅಳು ಬಂತೋ ತಿಳಿಯಲಿಲ್ಲ.

"ರೊಟ್ಟಿ ಆರಿ ಹೊಕ್ಕಾವ್ರಿ" ಎಂದು ಪಲ್ಲವಿಯ ತಾಯಿ ಎರಡು ಸಲ ಕರೆದ ಮೇಲೆಯೇ ಗಿಟಾರು ಕೆಳಗಿಟ್ಟೆ. ಊಟದ ನಡುವೆ ಸುಧಾಕರ ನನ್ನ ಬಲಗೈಯ ಅಳತೆ ತೆಗೆದುಕೊಂಡರು. "ಮೂರ್ನಾಲ್ಕು ತಿಂಗಳು ಆಗ್ತದೆ, ಅವಸರ ಮಾಡ್ಬೇಡಿ" ಎಂದರು. ಮಾವನಿಂದ ಬಂದ ಫೋನಿಗೆ ತುಳುವಿನಲ್ಲಿ ಏನೋ ಹೇಳಿ, ನಗುತ್ತ ಇಟ್ಟರು. ನನಗೆ ತಿಳಿದದ್ದು ಆರ್ಡರ್ ಎಂಬ ಮಾತೊಂದೇ.

ಸಂಜೆ ಕಲ್ಯಾಣದಲ್ಲಿ ಊರಿನ ರೈಲು ಹತ್ತಿ, ಹಳೆಯ ಗಿಟಾರನ್ನು ಬದಿಗಿಟ್ಟು ಕಿಟಕಿಯ ಪಕ್ಕ ಕೂತೆ. ಪ್ಲಾಟ್‌ಫಾರ್ಮಿನ ದೀಪಗಳು ಮಳೆಯಲ್ಲಿ ಹಿಂದೆ ಸರಿದವು. ಬಲಗೈಯ ಬೆರಳ ತುದಿಗಳು ಕೆಂಪಗಾಗಿ ಚುರುಚುರು ಉರಿಯುತ್ತಿದ್ದವು. ಗಿಟಾರು ಕಲಿಯಲು ಕೂತ ಮೊದಲ ವಾರ ಎಲ್ಲರಿಗೂ ಆಗುವ ಉರಿ ಅದು. ಅವನ್ನು ತಣ್ಣಗಿನ ಸರಳಿಗೆ ಒತ್ತಿ ಹಿಡಿದು ಕಣ್ಣು ಮುಚ್ಚಿದೆ. ರೈಲು ಘಾಟ್ ಹತ್ತಿದ್ದು ನನಗೆ ಗೊತ್ತೇ ಆಗಲಿಲ್ಲ.