ನೂರೆ ಗೆಣಸು ಬಂದ ಮೇಲೆ

ಅವ್ವ ಮಂಡಿನೋವಿನ ಚಿಕಿತ್ಸೆಗೆಂದು ಹೂಟಗಳ್ಳಿಯ ನನ್ನ ಬಾಡಿಗೆ ಮನೆಗೆ ಬಂದಾಗ, ಇನ್ನು ಅವಳನ್ನು ಕಾಡಂಚಿನ ನಮ್ಮ ಹಾಡಿಗೆ ವಾಪಸ್ ಕಳಿಸಬಾರದೆಂದು ತೀರ್ಮಾನಿಸಿಬಿಟ್ಟಿದ್ದೆ. ಹಲ್ಲು ಬೀಳುವ ವಯಸ್ಸಿಗೇ ಹಾಸ್ಟೆಲ್ ಶಾಲೆ ಸೇರಿದವಳು ನಾನು. ಆಮೇಲೆ ಫ್ಯಾಕ್ಟರಿ ಕೆಲಸ. ಅವ್ವ ನನಗೆ ಸಿಕ್ಕಿದ್ದು ಬರೀ ರಜೆಗಳಲ್ಲಿ. ಈಗಲಾದರೂ ಜೊತೆಗಿರಲಿ ಎಂಬ ಹಟ.

ಅವಳೋ, ಮಂಡಿ ವಾಸಿಯಾಗುತ್ತಿದ್ದಂತೆ ಊಟ ಬಿಟ್ಟಳು. ಬೀನ್ಸ್ ಪಲ್ಯ ನೋಡಿ, "ಇದೇನು, ಹುಲ್ಲು ಬೇಯ್ಸಿದ್ದೀಯಾ?" ಎಂದಳು. ಕಳಲೆ, ಅಣಬೆ, ಕಾಡಿನ ಸೊಪ್ಪು ತಿಂದು, ಮಿಕ್ಕಿದ್ದನ್ನು ಸಂತೆಯಲ್ಲಿ ಮಾರಿ ನಮ್ಮನ್ನು ಸಾಕಿದವಳು. ಹಾಡಿಯಲ್ಲಿರುವ ಅಣ್ಣನಿಗೆ ಫೋನ್ ಮಾಡಿ ಕಾಡಿನಲ್ಲಿ ಅಗೆದು ನೂರೆ ಗೆಣಸು ಕಳಿಸು ಎಂದೆ. ಗೆಣಸೇ ಇಲ್ಲಿಗೆ ಬಂದರೆ ಅವ್ವ ಅಲ್ಲಿಗೇಕೆ ಹೋಗುತ್ತಾಳೆ ಎಂಬುದು ನನ್ನ ಜಾಣತನ.

ಬಸ್ಸಿನಲ್ಲಿ ಬಂದ ಗೆಣಸನ್ನು ಕುಕ್ಕರಿನಲ್ಲಿ ಬೇಯಿಸಿ ಕೊಟ್ಟೆ. ಅವ್ವ ಸಿಪ್ಪೆ ಸುಲಿದು, ಬಾಯಿಗಿಡುವ ಮುಂಚೆ ಕೇಳಿದಳು: "ತಲೆ ನೆಟ್ನಂತಾ?"

ನಮ್ಮಲ್ಲಿ ಗೆಣಸು ಅಗೆದವರು, ಬಳ್ಳಿ ಅಂಟಿಕೊಂಡ ಮೇಲ್ತುದಿಯನ್ನು ಕತ್ತರಿಸಿ ಅದೇ ಗುಂಡಿಯಲ್ಲಿಟ್ಟು ಮಣ್ಣು ಮುಚ್ಚಿ ಬರಬೇಕು. ಅದೇ ತಲೆ. ಮಳೆಗೆ ಮತ್ತೆ ಚಿಗುರುತ್ತದೆ. ತಲೆ ನೆಡದ ಗೆಣಸನ್ನು ಅವ್ವ ಮುಟ್ಟುವವಳಲ್ಲ. ಅಣ್ಣನಿಗೆ ಮತ್ತೆ ಫೋನ್ ಮಾಡಿ, ಅವ್ವನಿಗೂ ಕೇಳಲೆಂದು ಸ್ಪೀಕರ್ ಹಾಕಿದೆ.

"ನೆಡ್ದೆ ಬತ್ತೀನಾ? ಹಳ್ಳದ ಪಕ್ಕ ಅವ್ವ ತೋರ್ಸಿದ್ದ ಬಳ್ಳಿನೇ ಕಣಮ್ಮ," ಎಂದ.

ಅವ್ವನ ಮುಖ ಅರಳಿತು. ತಿಂದಳು, ಉಪ್ಪು ಕೇಳಿದಳು, ಇನ್ನೊಂದು ಹಾಕು ಅಂದಳು. ಗೆದ್ದೆ ಎಂದುಕೊಂಡೆ. ಕೈ ತೊಳೆದು ಬಂದವಳು ಹೇಳಿದ್ದೇ ಬೇರೆ: "ಮಳೆ ಬಿದ್ರೆ ಆ ಬಳ್ಳಿ ಮರ ಹತ್ಬುಡ್ತದೆ. ಹಂದಿ ಕೆದಕ್ದೇ ಇರಂಗೆ ಈಗ್ಲೇ ಮುಳ್ಳು ಮುಚ್ಬೇಕು. ನನ್ನ ಬಸ್ ಹತ್ತಿಸ್ಬುಡು ಕಣಮ್ಮ."

ನನಗೆ ಹೊಟ್ಟೆಕಿಚ್ಚಾಯಿತು. ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಒಂದು ಬಳ್ಳಿಯ ಮೇಲೆ ಹೊಟ್ಟೆಕಿಚ್ಚು! ನಾನು ಜ್ವರ ಬಂದು ಹಾಸ್ಟೆಲಿನಲ್ಲಿ ಮಲಗಿದ್ದಾಗ ಅವಳು ಇಷ್ಟು ಅವಸರ ಮಾಡಿದ್ದಳೇ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಆಗ ಅವಳಿಗೆ ಯಾರೂ ತಿಳಿಸಿರಲೇ ಇಲ್ಲ.

ಭಾನುವಾರ ಬಸ್ ಸ್ಟ್ಯಾಂಡಿಗೆ ಕರೆದೊಯ್ದು ಕಿಟಕಿ ಪಕ್ಕ ಕೂರಿಸಿದೆ. ಸೋಮವಾರವೂ ನನಗೆ ರಜೆ. ಯಾವುದಕ್ಕೂ ಇರಲಿ ಎಂದು ಒಂದು ಜೊತೆ ಬಟ್ಟೆ ಚೀಲಕ್ಕೆ ತುರುಕಿಕೊಂಡೇ ಬಂದಿದ್ದೆ. 'ನೀನೂ ಬಾ' ಎಂದರೆ ಸಾಕಿತ್ತು, ಹತ್ತಿಬಿಡುತ್ತಿದ್ದೆ. ಕಿಟಕಿಯ ಕೆಳಗೆ ಅದಕ್ಕೇ ಕಾದು ನಿಂತೆ. ಡ್ರೈವರ್ ಗಾಡಿ ಸ್ಟಾರ್ಟ್ ಮಾಡಿದ.

ಅವ್ವ ಕಿಟಕಿಯಿಂದ ಬಗ್ಗಿ ನನ್ನ ಕೆನ್ನೆ ಸವರಿದಳು. "ಬಿಸ್ಲು ಏರ್ತಾ ಅದೆ," ಅಂದಳು. "ನಿಮ್ಮನೆಗೋಗವ್ವ."