ರಾಯವ್ವನ ಯಂತ್ರಕ್ಕೆ ಡಾಂಬರು

ನಮ್ಮ ದಡ್ಡಿ ಊರಿನಲ್ಲಿ ಟಿವಿ, ಮಿಕ್ಸರು, ಭಜನಾ ಮಂಡಳಿಯ ಆಂಪ್ಲಿಫೈಯರು ರಿಪೇರಿ ಮಾಡುವವನು ನಾನೊಬ್ಬನೇ. ಹಾಳೂರಿಗೆ ಉಳಿದವನೇ ಗೌಡ ಅಂತಾರಲ್ಲ, ಹಾಗೆ ತಂತಿ ಇರುವ ಯಾವ ವಸ್ತು ಊರಿಗೆ ಬಂದರೂ ಅದರ ಪಂಡಿತ ಈ ರಾಚಪ್ಪನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಬರುವ ತಪ್ಪಿನಲ್ಲಿ ಅರ್ಧ ಪಾಲು ನನ್ನದು. ಉಳಿದರ್ಧ ರಾಯವ್ವನದು. ಆಕೆ ತನ್ನ ಪಾಲನ್ನು ಇವತ್ತಿಗೂ ಒಪ್ಪಿಕೊಂಡಿಲ್ಲ.

ರಾಯವ್ವನಿಗೆ ಈಗ ಐವತ್ತೆರಡೋ ಐವತ್ತಮೂರೋ. ಮದುವೆಯಾಗಿ ಬಂದ ವರ್ಷದಿಂದ ಗಂಡ ಉದ್ದಪ್ಪನ ಜೊತೆ ಹಿಡಕಲ್ ಡ್ಯಾಮಿನ ಹಿನ್ನೀರಿನಲ್ಲಿ ಮೀನು ಹಿಡಿಯುತ್ತ ಬಂದವಳು. ಹರಗೋಲಿನಲ್ಲಿ ಹುಟ್ಟು ಆಕೆಯ ಕೈಯಲ್ಲಿ, ಬಲೆ ಅವನ ಕೈಯಲ್ಲಿ. ಸಂಜೆ ಬಲೆ ಇಳಿಬಿಟ್ಟು ಬೆಳಗ್ಗೆ ಎತ್ತುವುದು ಅವರ ಕ್ರಮ. ಎಲ್ಲಿ ಇಳಿಬಿಡಬೇಕು ಅನ್ನುವುದು ಮಾತ್ರ ಉದ್ದಪ್ಪನ ವಿದ್ಯೆ. ಡ್ಯಾಮು ಕಟ್ಟಿದಾಗ ಮುಳುಗಿದ ಮಾವಿನ ಮರಗಳು, ಮನೆಯ ಗೋಡೆಗಳು ನೀರಿನ ಕೆಳಗೆ ಇನ್ನೂ ನಿಂತಿವೆ. ಬಲೆ ಅವಕ್ಕೆ ಸಿಕ್ಕಿತೆಂದರೆ ಹರಿದು ಚಿಂದಿ. ಉದ್ದಪ್ಪ ದಂಡೆಯ ಗುಡ್ಡ, ಗುಡಿ ನೋಡಿ ಜಾಗ ಗುರುತು ಹಿಡಿದು, ಹಗ್ಗಕ್ಕೆ ಕಲ್ಲು ಕಟ್ಟಿ ಕೆಳಗೆ ಬಿಡುತ್ತಿದ್ದ. ಕಲ್ಲು ತಾಗಿದ ರೀತಿಯಿಂದಲೇ ಕೆಸರೋ, ಬಂಡೆಯೋ, ಮರವೋ ಹೇಳುತ್ತಿದ್ದ. ಹೆಂಡತಿ ಅವನ ಬೆನ್ನ ಹಿಂದೆ ಕೂತು ಹುಟ್ಟು ಹಾಕಿದಳೇ ಹೊರತು ಆ ಹಗ್ಗವನ್ನು ಒಂದು ದಿನವೂ ಅವನು ಆಕೆಯ ಕೈಗೆ ಕೊಡಲಿಲ್ಲ.

ಎರಡು ವರ್ಷದ ಹಿಂದೆ ಸಕ್ಕರೆ ಕಾಯಿಲೆ ಉದ್ದಪ್ಪನ ಕಣ್ಣಿಗೆ ಇಳಿಯಿತು. ಬೆಳಕು, ನೆರಳು ಬಿಟ್ಟರೆ ಏನೂ ಕಾಣುವುದಿಲ್ಲ. ಕೈ ಹಿಡಿಸಿಕೊಂಡು ಹರಗೋಲು ಹತ್ತುವುದು ಅವಮಾನವೆಂದು ಅವನು ನೀರಿಗೆ ಬರುವುದನ್ನೇ ಬಿಟ್ಟ. ರಾಯವ್ವ ಬಿಡಲಿಲ್ಲ, ಒಬ್ಬಳೇ ಹೋದಳು. ಮಾವಿನ ತೋಪಿನ ಮೇಲೆ ಒಂದು ಬಲೆ ಹರಿಯಿತು. ಮುಂದಿನ ಹಂಗಾಮಿನಲ್ಲಿ ಅಲ್ಲೇ ಇನ್ನೊಂದು ಹರಿಯಿತು.

ಆಗ ಉದ್ದಪ್ಪನ ತಮ್ಮ ವಿಠ್ಠಲ ಬಂದು ಹರಗೋಲು ತನಗೆ ಬಿಟ್ಟುಕೊಡು ಎಂದು ಕೇಳಿದ. ಕೆಟ್ಟ ಮನುಷ್ಯನೇನಲ್ಲ. ಅವನಿಗೆ ದುಡಿಯುವ ಮಕ್ಕಳು ಇಬ್ಬರು, ಇರುವ ಹರಗೋಲು ಒಂದೇ. ಇಲ್ಲಿ ನೋಡಿದರೆ ವೈನಿ, ಅಂದರೆ ಅತ್ತಿಗೆ, ನೀರಿನಲ್ಲಿ ಬಲೆ ಕಳೆಯುತ್ತಿದ್ದಾಳೆ. ಉದ್ದಪ್ಪ ಒಪ್ಪಿಬಿಟ್ಟ. ಅವರ ಓಣಿಯಲ್ಲಿ ಒಂದು ಪದ್ಧತಿ ಇದೆ. ಮಹಾನವಮಿಯ ಖಂಡೆ ಪೂಜೆಯ ದಿನ, ದುಡಿಯುವ ಹತಾರಗಳನ್ನೆಲ್ಲ ತೊಳೆದು ಪೂಜೆ ಮಾಡಿದ ಮೇಲೆ, ಯಜಮಾನ ಹುಟ್ಟಿನ ಮೇಲೆ ಎಲೆ ಅಡಿಕೆ ತೆಂಗಿನಕಾಯಿ ಇಟ್ಟು ಯಾರ ಕೈಗೆ ಕೊಡುತ್ತಾನೋ, ಆ ವರ್ಷದಿಂದ ಹರಗೋಲು ಅವರದು. ಈ ಸಲ ವಿಠ್ಠಲನ ಕೈಗೆ ಎಂದು ಮಾತಾಯಿತು. ರಾಯವ್ವನನ್ನು ಯಾರೂ ಕೇಳಲಿಲ್ಲ.

ಮರುದಿನ ಆಕೆ ನನ್ನ ಅಂಗಡಿಗೆ ಬಂದು, ಗೋಕಾಕದ ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಮಗಳು ಪೂನಮ್‌ಗೆ ಫೋನು ಹಚ್ಚಿಕೊಡು ಅಂದಳು. ಮಗಳಿಗೆ ನಡೆದದ್ದೆಲ್ಲ ಹೇಳಿದಳು, ಒಂದು ಹನಿ ಕಣ್ಣೀರು ಹಾಕಲಿಲ್ಲ. ಫೋನು ಇಟ್ಟ ಮೇಲೆ ನನಗೆ ಹೇಳಿದಳು: "ಹೊಳಿ ಬಿಡು ಅಂದ್ರ ನನಗ ಉಸರ ಬಿಡು ಅಂದಂಗ ಆಗತೈತಿ, ರಾಚಪ್ಪ. ಮನಿಯಾಗ ಕುಂತು ನಾ ಏನ ಮಾಡ್ಲಿ?"

ಇದಕ್ಕೆ ಉತ್ತರ ಕಳಿಸಿದವಳು ಪೂನಮ್. ಗಣೇಶ ಚೌತಿ ಮುಗಿದ ವಾರ ನನ್ನ ಅಂಗಡಿಯ ವಿಳಾಸಕ್ಕೆ ಒಂದು ಡಬ್ಬಿ ಬಂತು. ಒಳಗೆ ಅಂಗೈ ಅಗಲದ ಪರದೆ, ಉದ್ದ ತಂತಿ, ತಂತಿಯ ತುದಿಗೆ ನಿಂಬೆಹಣ್ಣಿನಷ್ಟು ದಪ್ಪದ ಕರಿ ಗುಂಡು. ಗುಂಡನ್ನು ನೀರಿಗೆ ಇಳಿಬಿಟ್ಟರೆ ಅದು ಕೆಳಕ್ಕೆ ಸದ್ದು ಕಳಿಸುತ್ತದೆ. ತಳಕ್ಕೋ ಮೀನಿಗೋ ತಾಗಿ ಮರಳಿ ಬಂದ ಸದ್ದನ್ನು ಪರದೆಯ ಮೇಲೆ ಗೆರೆಯಾಗಿ, ಚುಕ್ಕೆಯಾಗಿ ತೋರಿಸುತ್ತದೆ. ಜೊತೆಗೊಂದು ಇಂಗ್ಲಿಷ್ ಪುಸ್ತಕ. ನಾನು ಚಿತ್ರಗಳನ್ನಷ್ಟೇ ನೋಡಿ ಪುಸ್ತಕ ಮಡಚಿಟ್ಟೆ. ಪಂಡಿತರಿಗೆ ಪುಸ್ತಕ ಯಾಕೆ?

ಎರಡು ದಿನಕ್ಕೆ ರಾಯವ್ವ ಪರದೆಯನ್ನಷ್ಟೇ ಹಿಡಿದು ತಿರುಗಿ ಬಂದಳು. ಪರದೆಯ ಮೇಲೆ ತಳವೇ ಸರಿಯಾಗಿ ಕಾಣುವುದಿಲ್ಲವಂತೆ, ಮೀನಂತೂ ಇಲ್ಲವೇ ಇಲ್ಲ. ನಾನು ಗುಂಡಿ ಒತ್ತಿ ನೋಡಿದೆ. ಗೇನ್ ಅಂತ ಒಂದಿತ್ತು, ಒಂದರಿಂದ ಹತ್ತರವರೆಗೆ. ಆಂಪ್ಲಿಫೈಯರಿನ ಗೇನು ತಿರುಗಿಸಿ ತಿರುಗಿಸಿ ಕೈ ಸವೆದವನು ನಾನು. ಸದ್ದು ಕಡಿಮೆ ಬಂದರೆ ಏರಿಸಬೇಕು, ಅಷ್ಟೇ. ಐದರಲ್ಲಿದ್ದದ್ದನ್ನು ಹತ್ತಕ್ಕೆ ಏರಿಸಿ, ಇನ್ನು ಇದನ್ನು ಮುಟ್ಟಬೇಡ ಎಂದು ಅಪ್ಪಣೆ ಕೊಟ್ಟು ಕಳಿಸಿದೆ.

ಆ ಸಂಜೆ ಪರದೆ ತುಂಬ ಚುಕ್ಕೆಗಳೋ ಚುಕ್ಕೆಗಳು. ಹೊಳೆಯ ಮೀನೆಲ್ಲ ತನ್ನ ಹರಗೋಲಿನ ಕೆಳಗೇ ಬಂದಿವೆ ಎಂದು ರಾಯವ್ವ ಹಿಗ್ಗಿನಿಂದ ಬಲೆ ಬಿಟ್ಟಳು. ಬೆಳಗ್ಗೆ ಬಲೆಯಲ್ಲಿ ಒಂದು ಹಿಡಿ ಪಾಚಿ. ಮೂರು ದಿನ ಹೀಗೇ ಆಯಿತು. ನಾಲ್ಕನೆಯ ದಿನ ಆಕೆ ಅಂಗಡಿ ಮುಂದೆ ನಿಂತು, ಊರ ಮಂದಿ ಕೇಳುವ ಹಾಗೆ, ನನ್ನ ವಿದ್ಯೆಯ ಬಗ್ಗೆ ನಾಲ್ಕು ಮಾತು ಆಡಿದಳು. ಬರೆಯುವಂಥವಲ್ಲ.

ಸಿಟ್ಟು ನನಗೂ ಬಂತು. ಅಂಗಡಿಗೆ ಬಾಗಿಲು ಹಾಕಿ, ನಾನೇ ಬರುತ್ತೇನೆ ನಡೆ ಅಂದೆ. ಹೋಗುವಾಗ ಏನು ಹೊಳೆಯಿತೋ, ಉದ್ದಪ್ಪನ ಮನೆ ಹೊಕ್ಕು, ಕಾಕಾ, ನನಗೆ ಆಳದ ಲೆಕ್ಕ ಗೊತ್ತಿಲ್ಲ, ನಿಮ್ಮ ಹಗ್ಗ ಕಲ್ಲು ತಗೊಂಡು ಬರ್ರಿ ಎಂದು ಕರೆದೆ. ಹೆಂಡತಿ ಕರೆದಿದ್ದರೆ ಬರುತ್ತಿರಲಿಲ್ಲ. ಹೊರಗಿನವನು ವಿದ್ಯೆ ಕೇಳಿ ಕರೆದದ್ದಕ್ಕೆ ಎದ್ದ. ಎರಡು ವರ್ಷದ ಮೇಲೆ ಅವನು ಹರಗೋಲಿನಲ್ಲಿ ಕಾಲಿಟ್ಟದ್ದು ಅವತ್ತು. ಕೂತವನೇ ನೀರಿಗೆ ಕೈ ಅದ್ದಿ ಮುಖಕ್ಕೆ ಒರೆಸಿಕೊಂಡ. ರಾಯವ್ವ ಬೇರೆ ಕಡೆ ಮುಖ ತಿರುಗಿಸಿ ಹುಟ್ಟು ಹಾಕಿದಳು.

ನಡುನೀರಿನಲ್ಲಿ ನಾನು ಕರಿ ಗುಂಡನ್ನು ಕೈಗೆ ತಗೊಂಡೆ. ಅಂಗೈಗೆ ಅಂಟಿತು. ಮೂಸಿದೆ. ಡಾಂಬರು.

ಹರಗೋಲಿನ ತಳಕ್ಕೆ ವರ್ಷಕ್ಕೊಮ್ಮೆ ಡಾಂಬರು ಕಾಸಿ ಬಳಿಯುತ್ತಾರೆ, ನೀರು ಸೋರದಿರಲೆಂದು. ಹುಟ್ಟಿನ ತುದಿಗೆ, ಹಗ್ಗದ ಗಂಟಿಗೆ ಎಲ್ಲಕ್ಕೂ ಬಳಿಯುವುದುಂಟು. ರಾಯವ್ವ ಮಗಳು ಕಳಿಸಿದ ಯಂತ್ರಕ್ಕೂ ಎರಡು ಕೈ ಹಚ್ಚಿದ್ದಳು, ದಪ್ಪಗೆ. ಯಂತ್ರ ಪಾಪ, ಬಾಯಿ ಕಿವಿಗೆ ಬಟ್ಟೆ ತುರುಕಿಸಿಕೊಂಡು ಕೂತಿತ್ತು. ನಾನು ತಲೆ ತಲೆ ಚಚ್ಚಿಕೊಂಡೆ.

"ನೀರಾಗ ಇಳಿಯು ಸಾಮಾನ ಡಾಂಬರ ಇಲ್ದ ಹ್ಯಾಂಗ ಇಳಸೂದು? ನಿನ್ನ ಪುಸ್ತಕದಾಗ ಹಚ್ಚಬ್ಯಾಡ ಅಂತ ಬರದಿತ್ತೇನು?" ಅಂದಳು ರಾಯವ್ವ, ಒಂದಿಷ್ಟೂ ಅಳುಕದೆ.

ಪುಸ್ತಕ ನಾನು ಓದಿರಲಿಲ್ಲ. ದಂಡೆಗೆ ಬಂದು ಅಡುಗೆ ಎಣ್ಣೆ, ಅರಿವೆ ಹಚ್ಚಿ ಗುಂಡನ್ನು ಒಂದು ತಾಸು ತಿಕ್ಕಿ ಮತ್ತೆ ನೀರಿಗಿಳಿದೆವು. ಈಗ ಇನ್ನೂ ಫಜೀತಿ. ಪರದೆ ಪೂರ್ತಿ ಸಾಸಿವೆ ಚೆಲ್ಲಿದ ಹಾಗಾಯಿತು, ತಳ ಒಂದಲ್ಲ, ಎರಡು. ಒಂದು ಹದಿನೆಂಟು ಮೀಟರಿಗೆ, ಇನ್ನೊಂದು ಮೂವತ್ತಾರಕ್ಕೆ. ಎರಡೂ ಲೆಕ್ಕ ಓದಿ ಹೇಳಿ, ಯಂತ್ರ ಕೆಟ್ಟಿತು, ನಾನೇ ಕೆಡಿಸಿದೆ ಅಂದೆ. ಉದ್ದಪ್ಪ ಕಲ್ಲು ಬಿಟ್ಟ. ಹತ್ತು ಮಾರು ಅಂದ. ಅಂದರೆ ಹದಿನೆಂಟು ಮೀಟರು. ಎರಡನೆಯ ತಳ ಎಷ್ಟಕ್ಕಿದೆ ಎಂದು ಮತ್ತೊಮ್ಮೆ ಕೇಳಿದ. ಸರಿಯಾಗಿ ಇಮ್ಮಡಿ ಎಂದು ತಿಳಿದಾಗ ನಕ್ಕ. ಗುಡ್ಡದ ಮುಂದೆ ಕೂಗಿದರೆ ಅದೇ ಕೂಗು ಎರಡು ಸಲ ಕೇಳುವುದಿಲ್ಲವೇ, ಇದೂ ಹಾಗೆಯೇ, ಯಂತ್ರ ಚಲೋ ಇದೆ ಅಂದ. ಆಮೇಲೆ ಹೇಳಿದ:

"ಕಣ್ಣ ಹೋದ ಹೊಸದಾಗ ನನಗ ಎಲ್ಲಾನೂ ಕೇಳಾಕತ್ತಿತ್ತು. ಹಲ್ಲಿ ಲೊಚಗುಟ್ಟೂದು, ಬಾಜೂ ಮನಿಯಾಗ ಭಾಂಡಿ ತಿಕ್ಕೂದು, ನಾಯಿ ಮೈ ಕೆರಕೊಳ್ಳೂದು. ಅದರಾಗ ನನ್ನ ಜೋಡಿ ಯಾರ ಮಾತಾಡಾಕತ್ತಾರ ಅನ್ನೂದ ತಿಳೀತಿದ್ದಿಲ್ಲ. ಯಾವದನ್ನ ಕೇಳಬಾರದು ಅಂತ ಕಲಿಯಾಕ ಒಂದ ವರ್ಷ ಹಿಡೀತು. ಇದರ ಕಿವಿನೂ ಬಾಳ ತೆರದೈತಿ. ಒಂದೀಟ ಮುಚ್ಚು."

ಇಪ್ಪತ್ತು ವರ್ಷ ಗೇನ್ ತಿರುಗಿಸಿದ ನನಗೆ ಗೇನ್ ಅಂದರೆ ಏನೆಂದು ಒಬ್ಬ ಕುರುಡ ಕಲಿಸಿದ. ನಾಚಿಕೆಯಾಯಿತು, ಸಂತೋಷವೂ ಆಯಿತು. ರಾಯವ್ವ ನನ್ನ ಕೈಯಿಂದ ಯಂತ್ರ ಕಸಿದುಕೊಂಡು ಗೇನನ್ನು ಒಂದಕ್ಕೆ ಇಳಿಸಿದಳು. ಪರದೆ ಖಾಲಿ, ತಳದ ಗೆರೆ ಮಾತ್ರ ಸಣ್ಣಗೆ. ಎರಡು, ಮೂರು, ನಾಲ್ಕು, ಐದು. ಗೆರೆ ದಪ್ಪವಾಯಿತು. ಆರಕ್ಕೆ ಗೆರೆಯ ಮೇಲೆ ಕೊಂಬೆಗಳ ಹಾಗೆ ಏನೋ ಎದ್ದವು, ನಡುನೀರಿನಲ್ಲಿ ಬಾಗಿದ ಹುಬ್ಬಿನಂಥ ಎರಡು ಗುರುತು, ಅಂದರೆ ಮೀನು. ಏಳಕ್ಕೆ ಸಾಸಿವೆ ಶುರುವಾಯಿತು. ಆಕೆ ಮತ್ತೆ ಆರಕ್ಕೆ ಇಳಿಸಿ ಅಲ್ಲೇ ನಿಲ್ಲಿಸಿದಳು. ಮನೆಗೆ ಬಂದು ಪುಸ್ತಕ ತೆಗೆದು ನೋಡಿದೆ. ಚುಕ್ಕೆ ಬರುವವರೆಗೆ ಏರಿಸಿ, ಒಂದು ಹೆಜ್ಜೆ ಇಳಿಸಿರಿ ಎಂದು ಹನ್ನೊಂದನೆಯ ಪುಟದಲ್ಲಿ ಸ್ಪಷ್ಟವಾಗಿ ಬರೆದಿತ್ತು.

ಅಲ್ಲಿಂದ ಎರಡು ವಾರ ಗಂಡ ಹೆಂಡತಿ ದಿನಾಲು ನೀರಿಗೆ ಹೋದರು. ಅವನು ಕಲ್ಲು ಬಿಡುವುದು, ಆಕೆ ಪರದೆ ಓದುವುದು, ಎರಡನ್ನೂ ತಾಳೆ ನೋಡುವುದು. ಕೆಸರಿನ ತಳದ ಗೆರೆ ಎಷ್ಟು ತೆಳು, ಬಂಡೆಯದು ಎಷ್ಟು ದಪ್ಪ ಎಂದು ಆಕೆಗೆ ಗೊತ್ತಾಗುತ್ತ ಹೋಯಿತು. ಹಳೆಯ ಹೊಳೆಯ ಪಾತ್ರದ ಮೇಲೆ ನೀರು ಆಳ, ಅಲ್ಲಿ ಏಳು ಬೇಕು. ದಂಡೆಯ ಹತ್ತಿರ ನಾಲ್ಕು ಸಾಕು. ಮನೆಯಲ್ಲಿ ಎರಡು ವರ್ಷ ಆಡದ ಜಗಳವನ್ನೂ ಇಬ್ಬರೂ ನೀರಿನ ಮೇಲೆ ಆಡಿ ಮುಗಿಸಿದರೆಂದು ಕಾಣುತ್ತದೆ, ಉದ್ದಪ್ಪನ ಮುಖ ತಿಳಿಯಾಗಿತ್ತು.

ಖಂಡೆ ಪೂಜೆಗೆ ಒಂದು ದಿನ ಉಳಿದಾಗ ರಾಯವ್ವ ಗಂಡ ಮತ್ತು ಮೈದುನ ಇಬ್ಬರನ್ನೂ ಕೂರಿಸಿ ಒಂದು ಮಾತು ಹೇಳಿದಳು. ಬಲೆ ಹರಿದ ಆ ಮಾವಿನ ತೋಪಿನಲ್ಲೇ ಇವತ್ತು ಸಂಜೆ ಬಲೆ ಬಿಡುತ್ತೇನೆ, ನಾಳೆ ಅದು ಮರಕ್ಕೆ ಸಿಕ್ಕು ಹರಿದರೆ ಹುಟ್ಟನ್ನು ನಾನೇ ತಂದು ವಿಠ್ಠಲನ ಕೈಗಿಡುತ್ತೇನೆ ಅಂದಳು. ಹರಿಯದಿದ್ದರೆ ಏನು ಅಂತ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ಸಂಜೆ ನಾವು ಮೂವರು ಒಂದು ಹರಗೋಲಿನಲ್ಲಿ, ವಿಠ್ಠಲ ತನ್ನದರಲ್ಲಿ. ಮೇಲೆ ಘಟ್ಟದ ಕಡೆ ಮಳೆ ಜೋರಾಗಿ, ಘಟಪ್ರಭೆ ಮಣ್ಣು ತುಂಬಿಕೊಂಡು ಬಂದಿತ್ತು. ನೀರು ಕೆಂಪಗೆ ಕದಡಿತ್ತು. ತೋಪಿನ ಮೇಲೆ ಹೋಗಿ ಗುಂಡು ಇಳಿಬಿಟ್ಟರೆ, ಆರರಲ್ಲೇ ಪರದೆ ತುಂಬ ಸಾಸಿವೆ. ಕೊಂಬೆ ಯಾವುದು, ಮಣ್ಣು ಯಾವುದು ತಿಳಿಯದು. ನಾಳೆ ನೋಡೋಣ ಅನ್ನಬೇಕೆಂದು ಬಾಯಿ ತೆರೆದೆ. ರಾಯವ್ವ ನನ್ನ ಕಡೆ ನೋಡಿದ ನೋಟಕ್ಕೆ ಬಾಯಿ ತಾನೇ ಮುಚ್ಚಿತು.

ಆಕೆ ಐದಕ್ಕೆ ಇಳಿಸಿದಳು, ಆಮೇಲೆ ನಾಲ್ಕಕ್ಕೆ. ಸಾಸಿವೆ ಹೋಯಿತು. ಮೀನಿನ ಗುರುತುಗಳೂ ಹೋದವು. ಇವತ್ತು ಮೀನು ಕಾಣದಿದ್ದರೂ ಚಿಂತೆಯಿಲ್ಲ, ಮರ ಕಂಡರೆ ಸಾಕು ಎಂದು ತನಗೆ ತಾನೇ ಹೇಳಿಕೊಂಡಳು. ತಳದ ಗೆರೆಯ ಮೇಲೆ ಒಂದು ಮರ ಎದ್ದಿತು, ಹರಗೋಲು ಸರಿದಂತೆ ಮುಗಿಯಿತು. ಬರೀ ಗೆರೆ. ಆಮೇಲೆ ಇನ್ನೊಂದು ಮರ. ಹಿಂದಕ್ಕೂ ಮುಂದಕ್ಕೂ ನಾಲ್ಕು ಸಲ ಹೋಗಿ ಬಂದು, ಎರಡು ಸಾಲಿನ ನಡುವಿನ ಓಣಿ ಹಿಡಿದಳು. ಕಲ್ಲು ಬಿಡ್ರಿ ಎಂದು ಗಂಡನಿಗೆ ಹೇಳಿದಳು. ಉದ್ದಪ್ಪ ಬಿಟ್ಟ, ಹಗ್ಗವನ್ನು ಎರಡು ಸಲ ಎತ್ತಿ ಇಳಿಸಿ ನೋಡಿದ. ಕೆಸರು ಅಂದ. ಬಲೆ ಇಳಿಯಿತು.

ಖಂಡೆ ಪೂಜೆಯ ಬೆಳಗ್ಗೆ ಬಲೆ ಎತ್ತುವಾಗ ನಡುವೆ ಒಂದು ಕಡೆ ಬಿಗಿದು ನಿಂತಿತು. ರಾಯವ್ವ ಎಳೆಯಲಿಲ್ಲ, ಸಡಿಲ ಬಿಟ್ಟಳು. ಹಗ್ಗ ಬದಿಗೆ ಓಡಿತು. ಮರ ಓಡುವುದಿಲ್ಲ. ಮೇಲೆ ಬಂದದ್ದು ತೋಳುದ್ದದ ಕಾಟ್ಲಾ, ಅದರ ಹಿಂದೆ ರೋಹುಗಳು. ಬಲೆಯಲ್ಲಿ ಗೇಣಗಲ ಒಂದು ತೂತು ಬಿದ್ದಿತ್ತು. ವಿಠ್ಠಲ ತನ್ನ ಹರಗೋಲು ಹತ್ತಿರ ತಂದು, ಆ ತೂತಿನೊಳಗೆ ಬೆರಳು ಆಡಿಸಿ, ದಾರದ ತುದಿ ತಿರುಗಿಸಿ ನೋಡಿದ. ಇದು ಮೀನು ಹರಿದದ್ದು, ಮರ ಹರಿದದ್ದಲ್ಲ ಎಂದು ಅವನೇ ಹೇಳಿದ.

ಮಧ್ಯಾಹ್ನ ಅಂಗಳದಲ್ಲಿ ಪೂಜೆಯಾಯಿತು. ಉದ್ದಪ್ಪ ಹುಟ್ಟನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ನಿಂತ. ಕಾಯಿ, ಎಲೆ, ಅಡಿಕೆ ಮೇಲಿದ್ದವು. ಯಾರು ಎಲ್ಲಿ ನಿಂತಿದ್ದಾರೆಂದು ಅವನಿಗೆ ಕಾಣುವುದಿಲ್ಲ, ಹೆಂಡತಿಯ ಹೆಸರು ಹಿಡಿದು ಮಂದಿಯೊಳಗೆ ಕರೆದು ರೂಢಿಯಿಲ್ಲ. ತಡವರಿಸಿದ. ವಿಠ್ಠಲ ಮುಂದೆ ಬಂದು ಅಣ್ಣನ ಮೊಣಕೈ ಹಿಡಿದು, ರಾಯವ್ವ ನಿಂತ ಕಡೆಗೆ ಮೆಲ್ಲಗೆ ತಿರುಗಿಸಿದ. ಆಕೆ ಸೆರಗು ಹೊದ್ದು ಕೈ ಚಾಚಿದಳು.

ಹುಟ್ಟು ಕೈ ದಾಟಿದ ಮೇಲೆ ವಿಠ್ಠಲ ಕೇಳಿದ: "ವೈನಿ, ನಾಳಿ ನಾ ನನ್ನ ಬಲಿ ಎಲ್ಲಿ ಬಿಡ್ಲಿ?"

"ನಾಳಿ ಸಂಜಿಮುಂದ ಹರಗೋಲ ತಗೊಂಡ ಬಾ," ಅಂದಳು ರಾಯವ್ವ. "ನೀರ ನೋಡಿ ಹೇಳತೇನಿ."