ಆಣೆ ಮಾಡದ ಸುಶ್ಮಿತಾ ಮತ್ತು ಶಾಲೆಯ ಡ್ರಮ್

೨೦೨೫ನೇ ಇಸವಿ ಆಗಸ್ಟ್ ೨, ಶ್ರಾವಣ ಶನಿವಾರದ ಬೆಳಿಗ್ಗೆ, ರಾಣೆಬೆನ್ನೂರಿನ ನಮ್ಮ ಓಣಿಯ ಪ್ರೌಢಶಾಲೆಯಲ್ಲಿ ಒಂಬತ್ತನೇ ತರಗತಿಯ ಸುಶ್ಮಿತಾ ಎಂಬ ಹುಡುಗಿಯ ಹೆಗಲಿನಿಂದ ಬ್ಯಾಂಡಿನ ಡ್ರಮ್ಮನ್ನು ಕಿತ್ತುಕೊಳ್ಳಲಾಯಿತು. ಕಿತ್ತುಕೊಂಡವರು ದೈಹಿಕ ಶಿಕ್ಷಣದ ಶಿಕ್ಷಕರಾದ ಶಂಭುಲಿಂಗ ಅವರು. ಕೊಟ್ಟ ಕಾರಣ, ಹುಡುಗಿಗೆ ದೇಶಪ್ರೇಮ ಕಡಿಮೆ ಎಂಬುದು. ಕಿತ್ತುಕೊಂಡರು ಎಂಬ ಪದವನ್ನು ನಾನು ತೂಗಿಯೇ ಬಳಸಿದ್ದೇನೆ. ಡ್ರಮ್ಮಿನ ಪಟ್ಟಿ ಆಕೆಯ ಜಡೆಗೆ ಸಿಕ್ಕಿಕೊಂಡಿತ್ತು.

ಸುಶ್ಮಿತಾ ನಮ್ಮ ಪಕ್ಕದ ಮನೆಯವಳು. ಹುಟ್ಟಿದ್ದು ಐರಣಿಯಲ್ಲಿ. ತಂದೆ ಡಾಕಪ್ಪ ಸರಕಿನ ಆಟೋದಲ್ಲಿ ಬ್ಯಾಡಗಿಯ ಮಾರುಕಟ್ಟೆಗೆ ಮೆಣಸಿನಕಾಯಿ ಚೀಲ ಸಾಗಿಸುತ್ತಾನೆ. ಮಗಳು ಆರು ವರ್ಷದವಳಿದ್ದಾಗ ಆತ ಚೀಲಗಳ ಮೇಲೆ ನಿಂತು ಹಗ್ಗ ಬಿಗಿಯುವಾಗ ಜಾರಿಬಿದ್ದು ಕಾಲು ಮುರಿದುಕೊಂಡ. ಅಪ್ಪ ಎದ್ದು ನಡೆಯುವವರೆಗೆ ಸಿಹಿ ಮುಟ್ಟುವುದಿಲ್ಲವೆಂದು ಮಗಳು ದೇವರ ಮುಂದೆ ಆಣೆ ಮಾಡಿದಳು. ನಡುವೆ ಪಂಚಮಿ ಬಂತು. ಮನೆತುಂಬ ಉಂಡಿ ಕಟ್ಟಿದರು. ಹುಡುಗಿ ರೊಟ್ಟಿ ತಿನ್ನುತ್ತ ಉಂಡಿಗಳನ್ನು ನೋಡುತ್ತ ಕುಳಿತಳು. ಆಣೆ ಮಾಡಿದ ಮೇಲೆ ಮುಗಿಯಿತು ಎಂದು ಅಜ್ಜಿ ಮಂಗಳವ್ವ ಕೈಚೆಲ್ಲಿದಳು. ಕಡೆಗೆ ಡಾಕಪ್ಪನೇ ವೈದ್ಯರಿಗೆ ದುಂಬಾಲು ಬಿದ್ದ: "ಲಗೂ ನಡಸ್ರಿ ಡಾಕ್ಟರ್. ನನ್ನ ಕಾಲಿನ ಸಲುವಾಗಿ ಅಲ್ಲ, ಮಗಳು ಉಂಡಿ ತಿನ್ನಬೇಕಾಗೇತಿ."

ಇಂಥ ಮನೆತನದ ಹುಡುಗಿಯ ಮುಂದೆ ಶಂಭುಲಿಂಗ ಅವರು ದೀಪ ಹಚ್ಚಿಟ್ಟರು. ಸ್ವಾತಂತ್ರ್ಯೋತ್ಸವಕ್ಕೆ ಹಾವೇರಿಯ ಮೆರವಣಿಗೆಗೆ ಈ ಶಾಲೆಯ ಬ್ಯಾಂಡು ಆಯ್ಕೆಯಾಗಿದೆ. ಡ್ರಮ್ ಬಾರಿಸುತ್ತ ಮುಂದೆ ನಡೆಯಬೇಕಾದವಳು ಸುಶ್ಮಿತಾ. ಅದಕ್ಕಾಗಿ ಆಕೆ ಎರಡು ವರ್ಷ ಪ್ಲಾಸ್ಟಿಕ್ ಬಕೆಟ್ ಬಡಿದು ಅಭ್ಯಾಸ ಮಾಡಿದ್ದಾಳೆ. ಗೋಡೆಯ ಈಚೆ ಮಲಗುವ ನಾನು ಅದಕ್ಕೆ ಪ್ರತ್ಯಕ್ಷಸಾಕ್ಷಿ. ಆ ಶನಿವಾರ ತಾಲೀಮು ಮುಗಿಸಿ ಮಕ್ಕಳು ತರಗತಿಗೆ ಬಂದಾಗ, ದೇಶಪ್ರೇಮದ ಒಂದು ಚಟುವಟಿಕೆ ನಡೆಯಿತು. ಪ್ರತಿಯೊಬ್ಬರೂ ದೀಪ ಮುಟ್ಟಿ, ದೇಶಕ್ಕಾಗಿ ಪ್ರಾಣ ಕೊಡುತ್ತೇನೆಂದು ಆಣೆ ಮಾಡಬೇಕು. ಯುವರಾಜ ಎಂಬ ಹುಡುಗನ ಆಣೆ ರಸ್ತೆಯವರೆಗೆ ಕೇಳಿಸಿತು. ಇನ್ನೂ ಡ್ರಮ್ ಹೊತ್ತೇ ನಿಂತಿದ್ದ ಸುಶ್ಮಿತಾ ಕೈ ಚಾಚಲಿಲ್ಲ. ಮುಂದಿನದನ್ನು ಅದೇ ತರಗತಿಯಲ್ಲಿರುವ ನನ್ನ ಮೊಮ್ಮಗಳು ಅರುಣಾ ಹೇಳಿದಂತೆ ಬರೆಯುತ್ತಿದ್ದೇನೆ.

"ಯಾಕವಾ, ದೇಶಾ ಬ್ಯಾಡೇನು ನಿನಗ?"

"ಬೇಕ್ರಿ ಸರ್. ಜೀವಾನೂ ಬೇಕ್ರಿ."

"ಎಲ್ಲಾರೂ ಆಣಿ ಮಾಡ್ಯಾರಲ್ಲ?"

"ಅವ್ರು ನಡಸೂದಿಲ್ರಿ. ನಾ ಮಾಡಿದ್ರ ನಡಸಬೇಕಾಗತೈತ್ರಿ."

"ಈಗ ನಿನಗ ಸಾಯಂತ ಯಾರಂದ್ರು?"

"ನೀವ ಅನ್ನಾಕತ್ತೀರಲ್ರಿ."

ತರಗತಿ ನಕ್ಕಿತು. ಹುಡುಗಿ ನಗಲಿಲ್ಲ. ತನ್ನ ಕೈಲಾಗುವ ಆಣೆ ಬೇಕಾದರೆ ಮಾಡುತ್ತೇನೆ, ವಾರಕ್ಕೊಮ್ಮೆ ಶಾಲೆಯ ನೀರಿನ ಟಾಕಿ ತೊಳೆಯುತ್ತೇನೆ ಎಂದಳು. ಟಾಕಿ ತೊಳೆಯುವುದು ದೇಶಪ್ರೇಮವಲ್ಲವೆಂದು ತೀರ್ಪಾಯಿತು. ಡ್ರಮ್ ಯುವರಾಜನ ಕೊರಳಿಗೆ ಬಿತ್ತು. ಮೈದಾನಕ್ಕಿಳಿದು ಆತ ಒಮ್ಮೆ ಬಾರಿಸಿದ ಮೇಲೆ ಎಡಗಾಲು ಯಾವುದು, ಬಲಗಾಲು ಯಾವುದು ಎಂಬುದೇ ಇಡೀ ತಂಡಕ್ಕೆ ಮರೆತುಹೋಯಿತು.

ನಾನು ಹಾವೇರಿಯ ನ್ಯಾಯಾಲಯದಲ್ಲಿ ಬೆಂಚ್ ಕ್ಲರ್ಕ್ ಆಗಿದ್ದು ನಿವೃತ್ತನಾದವನು. ಸಾಕ್ಷಿಕಟ್ಟೆ ಹತ್ತಿದವರಿಗೆ ಪ್ರಮಾಣವಚನ ಬೋಧಿಸುವುದು ನನ್ನ ಕೆಲಸವಾಗಿತ್ತು. ಅದನ್ನು ಹೇಳುವ ಮೊದಲು ಹಿಂದೆಮುಂದೆ ನೋಡಿದವರು ತೀರ ವಿರಳ. ಹಾಗೆ ನೋಡಿದವರ ಮಾತನ್ನು ನ್ಯಾಯಾಧೀಶರು ಪೆನ್ನು ಕೆಳಗಿಟ್ಟು ಕೇಳುತ್ತಿದ್ದರು.

ಭಾನುವಾರ ಈ ಸುದ್ದಿ ಮಕ್ಕಳ ಬಾಯಿಂದ ತಾಯಂದಿರ ಕಿವಿಗೆ ತಲುಪಿತು. ಸೋಮವಾರ ಅವರು ಉಪವಾಸದ ಹೊಟ್ಟೆಯಲ್ಲಿ, ತೆಂಗಿನಕಾಯಿ ಹಿಡಿದು ಶಾಲೆಯ ಬಾಗಿಲಲ್ಲಿ ನಿಂತರು. ನನ್ನ ಸೊಸೆಯೂ ಇದ್ದಳೆಂಬುದನ್ನು ಮರೆಮಾಚುವುದಿಲ್ಲ. ಮುಂದಾಳು ಯುವರಾಜನ ತಾಯಿ ಗದಿಗೆವ್ವ.

"ನಮ್ಮ ಹುಡುಗನ ಜೀವಾ ಯಾರನ್ನ ಕೇಳಿ ಕೊಟ್ರಿ ಸರ್?"

"ಅದು ಬಾಯಿಮಾತಿನ ಆಣಿರೀ ತಾಯಿ. ಮನಸಿಗೆ ಹಚ್ಕೋಬ್ಯಾಡ್ರಿ."

"ಶ್ರಾವಣದಾಗ ದೀಪಾ ಹಚ್ಚಿ ಬಾಯಿಮಾತಂತೀರಿ? ಹಚ್ಚಿದವ್ರ ಬಿಡಸ್ರಿ."

ತಾನಾಗಿ ಮಾಡಿದ ಆಣೆಗೆ ಬಿಡುಗಡೆಯಿಲ್ಲ; ಬೇರೆಯವರು ಮಾಡಿಸಿದ್ದಾದರೆ ನಮ್ಮ ಕಡೆ ಬಿಡಿಸುವ ಕ್ರಮವಿದೆ. ಆಣೆ ಮಾಡಿಸಿದವನೇ ತಲೆಯ ಮೇಲೆ ನೀರು ಸುರಿದುಕೊಂಡು, ಕಾಯಿ ಒಡೆದು, "ಬಿಟ್ಟೇನಿ" ಎನ್ನಬೇಕು. ಶಂಭುಲಿಂಗ ಅವರು ಟ್ರ್ಯಾಕ್‌ಸೂಟಿನಲ್ಲೇ ತೊಯ್ದು, ಆಟದ ಮೈದಾನದ ಕಬ್ಬಿಣದ ರೋಲರಿನ ಮೇಲೆ ಒಂದೊಂದು ಮಗುವಿನ ಹೆಸರು ಹಿಡಿದು ಕಾಯಿ ಒಡೆದರು. ಗದಿಗೆವ್ವನ ಕಾಯಿ ಬೇಗ ಒಡೆಯಲಿಲ್ಲ. "ಜೋರ್ಲೆ ಹೊಡೀರಿ ಸರ್, ಡ್ರಿಲ್ ಮಾಸ್ತರದೀರಿ" ಎಂದು ಆಕೆ ಹುರಿದುಂಬಿಸಿದಳು. ಮುಖ್ಯೋಪಾಧ್ಯಾಯಿನಿ ಸುರೇಖಾ ಅವರು ಕಿಟಕಿಯಿಂದ ಎಲ್ಲವನ್ನೂ ನೋಡಿದರು.

ಕೊನೆಗೆ ಮಂಗಳವ್ವ ಬರಿಗೈಯಲ್ಲಿ ಮುಂದೆ ಬಂದಳು. "ನಂದು ಬಿಡಸೂದೇನಿಲ್ರಿ ಸರ್. ಮೊಮ್ಮಗಳ ಡ್ರಮ್ಮ ಕೇಳಾಕ ಬಂದೇನಿ."

"ಆಕಿ ಆಣಿ ಮಾಡಿಲ್ಲಜ್ಜಿ, ಹೆಂಗ ಕೊಡ್ಲಿ?" ಎಂದರು ಶಂಭುಲಿಂಗ, ಮುಖದ ನೀರೊರೆಸಿಕೊಳ್ಳುತ್ತ.

"ಈಗ ಮಾಡಿದವ್ರು ಯಾರದಾರ ತೋರಸ್ರಿ."

ಅವರು ಸುತ್ತಲೂ ನೋಡಿದರು. ತಾಯಂದಿರು ಕಾಯಿಹೋಳುಗಳನ್ನು ಸೆರಗಿಗೆ ಕಟ್ಟುತ್ತಿದ್ದರು. ಸುರೇಖಾ ಅವರು ಕಿಟಕಿಯಿಂದಲೇ, ವಿಚಾರ ಮಾಡಿ ತಿಳಿಸುವುದಾಗಿ ಹೇಳಿದರು. ಇಂದು ಆಗಸ್ಟ್ ೧೦. ಏನನ್ನೂ ತಿಳಿಸಿಲ್ಲ. ಸುಶ್ಮಿತಾ ದಿನವೂ ಮೈದಾನದ ಅಂಚಿನಲ್ಲಿ ನಿಂತು, ಯುವರಾಜನ ತಪ್ಪು ತಾಳಕ್ಕೆ ಬೆರಳುಗಳಿಂದ ಲಂಗದ ಮೇಲೆ ಸರಿ ತಾಳ ಹಾಕುತ್ತಾಳೆ.

ಮುಖ್ಯೋಪಾಧ್ಯಾಯಿನಿ ಸುರೇಖಾ ಅವರೇ, ಶಿಕ್ಷಕ ಶಂಭುಲಿಂಗ ಅವರೇ, ಡ್ರಮ್ ಹೊರಲು ಆಣೆಯೇ ಅರ್ಹತೆಯಾದರೆ ಇಂದು ನಿಮ್ಮ ಒಂಬತ್ತನೇ ತರಗತಿಯಲ್ಲಿ ಆ ಅರ್ಹತೆ ಯಾರಿಗೂ ಇಲ್ಲ. ನೀವೇ ಕಾಯಿ ಒಡೆದು ಅದನ್ನು ತೆಗೆದಿದ್ದೀರಿ. ಬಾರಿಸಲು ಬರುವುದೇ ಅರ್ಹತೆಯಾದರೆ ಅದು ಇರುವುದು ಒಬ್ಬಳಿಗೇ. ಆದ್ದರಿಂದ ನಾಳೆ ಸೋಮವಾರದ ತಾಲೀಮಿನಲ್ಲಿ ಆ ಡ್ರಮ್ಮನ್ನು ಸುಶ್ಮಿತಾಳ ಹೆಗಲಿಗೆ ನಿಮ್ಮ ಕೈಯಾರೆ ಹಾಕಿ. ಆಕೆಗೆ ದೇಶಪ್ರೇಮ ಕಡಿಮೆ ಎಂದದ್ದು ತಪ್ಪಾಯಿತೆಂದು, ಆ ಮಾತನ್ನು ಕೇಳಿದ ಮಕ್ಕಳಿಗೆಲ್ಲ ಕೇಳಿಸುವಂತೆ ಹೇಳಿ.